ಅಂಬಕ್ಕ ತಾಯಿಯವರು ಉಪ್ಪು ಕುಡಿದ ದಿನ

ಪೂಜ್ಯ ಅಂಬಕ್ಕ ತಾಯಿಯವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಹಾಸಗಲ್ಲೂರಿನ ಕಲ್ಲುಗಣಿಯ ಅಂಚಿನಲ್ಲಿ, ಮೂಲೆ ಒಡೆದು ಮಾರಾಟಕ್ಕೆ ಬಾರದ ಪರಸಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಗುಡಿಸಲಿನಲ್ಲಿ ಅವರು ವಾಸವಾಗಿದ್ದರು. ಪರಸಿ ಎಂದರೆ ಮನೆಗಳ ನೆಲಕ್ಕೆ ಹಾಸುವ ಬೂದು ಬಣ್ಣದ ಚಪ್ಪಟೆ ಕಲ್ಲು. ಆ ಸೀಮೆಯಲ್ಲಿ ನೆಲ ಅಗೆದರೆ ಬೇರೇನೂ ಸಿಗುವುದಿಲ್ಲ. ಗುಡಿಸಲಿನ ಮುಂದೆ ಒಂದು ಬೇವಿನ ಮರ, ಮರದಡಿ ಅರವಟ್ಟಿಗೆ. ಬೆಳಿಗ್ಗೆ ಎದ್ದು ಬಾವಿಯಿಂದ ನೀರು ಸೇದಿ ಆರು ಗಡಿಗೆ ತುಂಬಿಸುವುದು, ಹಗಲೆಲ್ಲ ಗಣಿಯಿಂದ ಮೇಲೆ ಬಂದವರ ಬೊಗಸೆಗೆ ಸುರಿಯುವುದು, ಸಂಜೆ ಗಡಿಗೆಗಳನ್ನು ತೊಳೆದು ಬೋರಲು ಹಾಕುವುದು. ಇದೇ ಅವರ ಪೂಜೆ. ಇಪ್ಪತ್ತು ವರ್ಷ ಇದನ್ನೇ ಮಾಡಿದ್ದರು.

ಅವರು ಪವಾಡ ಮಾಡಿದ್ದನ್ನು ಕಂಡವರಿಲ್ಲ. ಕಂಡೆವು ಎನ್ನುವವರಿದ್ದಾರೆ, ವಿಚಾರಿಸಿದರೆ ಆ ದಿನ ಅವರು ಬೇರೆ ಊರಿನಲ್ಲಿದ್ದದ್ದು ತಿಳಿಯುತ್ತದೆ. ಈ ಪ್ರಸಂಗದಲ್ಲೂ ಪವಾಡವಿಲ್ಲ. ಅದನ್ನು ನಿರೀಕ್ಷಿಸುವವರು ಇಲ್ಲಿಗೇ ನಿಲ್ಲಿಸಬಹುದು.

ತಾಯಿಯವರ ಬಗ್ಗೆ ಊರಿಗೆ ಗೊತ್ತಿದ್ದ ಸಂಗತಿ ಎರಡು. ಮಾತು ಕಡಿಮೆ. ಉಪ್ಪು ಮುಟ್ಟುವುದಿಲ್ಲ. ಯಾರ ಮನೆಯ ಭಿಕ್ಷೆಯಾದರೂ ಸಪ್ಪೆ ರೊಟ್ಟಿ, ಸಪ್ಪೆ ಬೇಳೆ. ಏಕೆಂದು ಯಾರೂ ಅವರನ್ನು ಕೇಳಲಿಲ್ಲ. ಭಕ್ತರಿಗೆ ಕೇಳುವುದಕ್ಕಿಂತ ಊಹಿಸುವುದು ಸುಲಭ. ನಾಲಿಗೆಯನ್ನು ಗೆದ್ದವರು ಎಂದರು ಕೆಲವರು. ಸಂಸಾರದ ರುಚಿಯನ್ನೇ ತ್ಯಜಿಸಿದವರು ಎಂದರು ಉಳಿದವರು. ನಿವೃತ್ತ ಶಾಲಾ ಮಾಸ್ತರರಾದ ಗುರುಪಾದಪ್ಪನವರು ಈ ಲವಣತ್ಯಾಗದ ಮಹಿಮೆಯ ಮೇಲೆ ಹದಿನಾರು ಪುಟದ ಕಿರುಹೊತ್ತಿಗೆಯೊಂದನ್ನು ಬರೆದು ಅಚ್ಚು ಹಾಕಿಸಿದರು. ವ್ರತ ಶುರುವಾದದ್ದು ಅಲ್ಲಿಂದ. ಹರಕೆ ಇದ್ದವರು ನಲವತ್ತೊಂದು ದಿನ ಉಪ್ಪು ಬಿಡಬೇಕು. ಜನ ಅದಕ್ಕೆ ಸಪ್ಪನ ವ್ರತ ಎಂದು ಹೆಸರಿಟ್ಟರು. ಮೊದಲು ಅಂಗಡಿಯವರು ಹಿಡಿದರು, ಗುಮಾಸ್ತರು ಹಿಡಿದರು. ನೆರಳಿನಲ್ಲಿ ಕೂತು ಕೆಲಸ ಮಾಡುವವರು. ಯಾರಿಗೂ ಏನೂ ಆಗಲಿಲ್ಲ. ಆ ವರ್ಷ ಗಣಿಯ ಕಲ್ಲು ಒಡೆಯುವವರು ಹಿಡಿದರು. ಹದಿನೆಂಟು ಮಂದಿ. ಅದೂ ಕಡುಬೇಸಿಗೆಯಲ್ಲಿ.

ಗಣಿ ಕಂಪನಿಯ ದವಾಖಾನೆಗೆ ಮೈಸೂರು ಕಡೆಯ ಡಾಕ್ಟರ್ ಸುಂದರೇಶ ಎಂಬವರು ಬಂದು ಎಂಟು ತಿಂಗಳಾಗಿತ್ತು. ಓದಿದವರು, ಓದಿದ್ದು ಮರೆಯದವರು. ದೇವರು, ಸಂತರು, ತಾಯತ ಇವೆಲ್ಲ ಅವರ ಲೆಕ್ಕದಲ್ಲಿ ಒಂದೇ ಪೆಟ್ಟಿಗೆಯ ಸಾಮಾನು. ದಿನಾ ಅರವಟ್ಟಿಗೆಯ ಮುಂದೆಯೇ ಹಾದುಹೋಗುತ್ತಿದ್ದರು. ಒಂದು ದಿನವೂ ನಿಂತು ನೀರು ಕುಡಿದವರಲ್ಲ. ಕುದಿಸಿ ಆರಿಸಿದ ನೀರು ಅವರ ಫ್ಲಾಸ್ಕಿನಲ್ಲೇ ಇರುತ್ತಿತ್ತು. ದವಾಖಾನೆಯ ಗೋಡೆಗೆ ಅವರು ಒಂದು ಬೋರ್ಡು ಬರೆಸಿದ್ದರು: ‘ಬೇಸಿಗೆಯಲ್ಲಿ ನೀರು ಹೆಚ್ಚು ಕುಡಿಯಿರಿ.’ ಅಕ್ಷರ ಬಾರದವರಿಗಾಗಿ ಕೆಳಗೆ ಒಂದು ಗಡಿಗೆಯ ಚಿತ್ರ.

ಆ ಬೋರ್ಡಿನ ಕೆಳಗೆ ಒಂದು ಬೆಳಿಗ್ಗೆ ದೇವಿಂದ್ರ ಎಂಬ ಕೆಲಸಗಾರ ಬಂದು ನಿಂತ.

“ಸಾಹೇಬ್ರ, ಮೀನಖಂಡ ಹಿಡಕೊಂಡು ನಿದ್ದಿ ಇಲ್ಲರೀ. ಕೈಬೆರಳೂ ಸೊಟ್ಟಗ ನಿಲ್ತಾವ. ಸುತ್ತಿಗಿ ಬಿಡಬೇಕಂದ್ರ ಇನ್ನೊಂದು ಕೈಲೆ ಬಿಡಿಸಬೇಕು.”

“ನೀರು ಎಷ್ಟು ಕುಡೀತೀಯ?”

“ಬಾಯಾರಿದಾಗ ಕುಡೀತೀನ್ರೀ.”

“ಸಾಲದು. ಬಾಯಾರಲಿ, ಬಿಡಲಿ, ಕುಡಿ. ದಿನಕ್ಕೊಂದು ಗಡಿಗೆ ಖಾಲಿ ಮಾಡು.”

ಊಟ ಏನು ಎಂದು ಡಾಕ್ಟರು ಕೇಳಲಿಲ್ಲ. ಸಾಲಿನಲ್ಲಿ ಇನ್ನೂ ಮೂವತ್ತು ಮಂದಿ ಇದ್ದರು.

ದೇವಿಂದ್ರ ಹೇಳಿದ್ದನ್ನು ಮಾಡುವ ಮನುಷ್ಯ. ಉಪ್ಪು ಬಿಡು ಎಂದಿತ್ತು ಕಿರುಹೊತ್ತಿಗೆ, ಬಿಟ್ಟಿದ್ದ. ನೀರು ಕುಡಿ ಎಂದರು ಡಾಕ್ಟರು, ಕುಡಿದ. ಹಾಸಗಲ್ಲೂರಿನಲ್ಲಿ ಧರ್ಮದ ಮಾತನ್ನೂ ವೈದ್ಯರ ಮಾತನ್ನೂ ಚಾಚೂ ತಪ್ಪದೆ ಪಾಲಿಸಿದವನು ಅವನೊಬ್ಬನೇ. ನಾಲ್ಕನೆಯ ದಿನ ಮಧ್ಯಾಹ್ನ ಗಣಿಯಲ್ಲಿ ಬಿದ್ದ.

ನಾಲ್ವರು ಅವನನ್ನು ಗೋಣಿತಟ್ಟಿನಲ್ಲಿ ಹೊತ್ತು ದವಾಖಾನೆಗೆ ತಂದರು. ಕಾಲು ಮರದ ಹಾಗೆ ಸೆಟೆದಿತ್ತು. ಹೊಟ್ಟೆಯ ಸ್ನಾಯು ಹಗ್ಗ ಹೊಸೆದಂತೆ ಗಂಟು ಕಟ್ಟಿತ್ತು. ಕುಡಿದ ನೀರನ್ನೆಲ್ಲ ಕಾರುತ್ತಿದ್ದ. ಇದು ಯಾವ ತಿಂಗಳು ಎಂದು ಕೇಳಿದರೆ ತನ್ನ ಅಣ್ಣನ ಹೆಸರು ಹೇಳಿದ. ಡಾಕ್ಟರು ನಾಲಿಗೆ ನೋಡಿದರು. ಒದ್ದೆಯಾಗಿತ್ತು. ಬಿಸಿಲಿಗೆ ಬಿದ್ದವನ ನಾಲಿಗೆ ಹಾಗಿರುವುದಿಲ್ಲ.

“ಗಡಿಗಿ ನೀರು ಕುಡದಾನ್ರೀ, ನೀವು ಹೇಳಿದಂಗ,” ಎಂದ ಹೊತ್ತು ತಂದವರಲ್ಲಿ ಒಬ್ಬ.

ಡಾಕ್ಟರು ಕೇಳಿಸದವರಂತೆ ದೇವಿಂದ್ರನ ಹೆಂಡತಿಯ ಕಡೆ ತಿರುಗಿದರು. ಚಂದಮ್ಮನಿಗೆ ಎಂಟು ತಿಂಗಳು ತುಂಬಿತ್ತು. ಬಿಸಿಲಲ್ಲಿ ಓಡಿ ಬಂದು ಗೋಡೆ ಹಿಡಿದು ನಿಂತಿದ್ದಳು.

“ಏನಮ್ಮಾ, ಊಟ ಏನು ಮಾಡ್ತಿದ್ದಾನೆ?”

“ಸಪ್ಪನ ರೊಟ್ಟಿರೀ. ಇಪ್ಪತ್ತಾರು ದಿನ ಆತು. ಇನ್ನ ಹದಿನೈದು ದಿನ ಅದ.”

“ಉಪ್ಪೇ ಇಲ್ಲದೆ?”

“ತಾಯಿ ಹೆಸರಲೆ ಹಿಡದಾನ್ರೀ. ಎರಡು ಕೂಸು ಹೊಟ್ಟ್ಯಾಗ ಹೋದ್ವು. ಇದಾದ್ರೂ ಉಳೀಲಿ ಅಂತ.”

ಡಾಕ್ಟರಿಗೆ ಒಂದೇ ಗಳಿಗೆಯಲ್ಲಿ ಎಲ್ಲ ಅರ್ಥವಾಯಿತು. ಬೇಗ ಬೇಗ ಸಲೈನ್ ಬಾಟಲಿ ನೇತುಹಾಕಿ ಸೂಜಿ ಚುಚ್ಚಿದರು. ಅಷ್ಟಕ್ಕೇ ಸುಮ್ಮನಿದ್ದರೆ ಈ ಪ್ರಸಂಗವೇ ಇರುತ್ತಿರಲಿಲ್ಲ. ಆದರೆ ತಮ್ಮದೇ ಸರಿ ಎಂದು ಖಚಿತವಾದವರಿಗೆ ಬಾಯಿ ಸುಮ್ಮನಿರುವುದಿಲ್ಲ.

“ಇದರಲ್ಲಿ ಏನಿದೆ ಗೊತ್ತೇನಮ್ಮಾ? ಉಪ್ಪು. ನೀರು ಮತ್ತು ಉಪ್ಪು, ಅಷ್ಟೇ. ನಿಮ್ಮ ತಾಯಿ ನಾಲಿಗೆಯಿಂದ ಬಿಡಿಸಿದ್ದನ್ನು ನಾನು ನೇರ ರಕ್ತಕ್ಕೇ ಹಾಕ್ತಾ ಇದೀನಿ.”

ತಿಂಗಳು ಯಾವುದೆಂದು ತಿಳಿಯದವನಿಗೆ ಆ ಒಂದು ಮಾತು ಮಾತ್ರ ತಿಳಿಯಿತು. ದೇವಿಂದ್ರ ಇನ್ನೊಂದು ಕೈಯಿಂದ ಸೂಜಿಯನ್ನು ಕಿತ್ತು ಎಸೆದ. “ಬ್ಯಾಡ... ಕೂಸು...” ಎಂದ. ಡಾಕ್ಟರು ಮತ್ತೆ ಸೂಜಿ ಹಿಡಿಯುವಷ್ಟರಲ್ಲಿ ಚಂದಮ್ಮ ಗಂಡನ ತೋಳಿನ ಮೇಲೆ ತನ್ನ ಎರಡೂ ಕೈ ಇಟ್ಟಿದ್ದಳು.

“ತಾಯಿ ಅಪ್ಪಣಿ ಆಗೋತನಕ ಚುಚ್ಚಬ್ಯಾಡ್ರಿ ಸಾಹೇಬ್ರ. ನಿಮ್ಮ ಕಾಲು ಬೀಳ್ತೀನಿ.”

“ಅಪ್ಪಣೆ ಬರೋ ಹೊತ್ತಿಗೆ ಇವನಿಗೆ ಫಿಟ್ಸ್ ಬಂದಿರುತ್ತೆ!”

“ಹಂಗಾದ್ರ ಲಗೂ ನಡೀರಿ,” ಎಂದು ನಾಲ್ವರೂ ಗೋಣಿತಟ್ಟು ಎತ್ತಿದರು. ಡಾಕ್ಟರು ಬಾಟಲಿ ಹಿಡಿದು ಅವರ ಹಿಂದೆ ನಡೆದರು. ಬೇರೆ ದಾರಿ ಇರಲಿಲ್ಲ.

ತಾಯಿಯವರು ಆಗ ಒಂದು ಗಡಿಗೆಗೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ನೆರಳಿನಲ್ಲಿ ಗುರುಪಾದಪ್ಪ ಮಾಸ್ತರರು ಬುತ್ತಿಗಂಟು, ಕಿರುಹೊತ್ತಿಗೆಗಳ ಕಟ್ಟು ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಕೂತಿದ್ದರು.

“ಬರ್ರಿ ಡಾಕ್ಟರ್ ಸಾಹೇಬ್ರ. ಕಡೀಕೂ ತಾಯಿ ಪಾದಕ್ಕ ಬಂದ್ರಿ,” ಎಂದರು ಮಾಸ್ತರರು.

“ಪಾದಕ್ಕಲ್ಲ, ಜಗಳಕ್ಕೆ,” ಎಂದರು ಡಾಕ್ಟರು. ಬಳಿಕ ತಾಯಿಯವರ ಎದುರು ನಿಂತು ತಡೆದಿಟ್ಟುಕೊಂಡಿದ್ದನ್ನೆಲ್ಲ ಒದರಿದರು. “ಇವನಿಗೆ ಉಪ್ಪು ಬಿಡಿಸಿದ್ದು ನೀವು. ಬಂಡೆ ಒಡೆಯೋನು ದಿನಕ್ಕೆ ಎಷ್ಟು ಬೆವರು ಸುರಿಸ್ತಾನೆ ಅನ್ನೋದು ನಿಮಗೆ ಗೊತ್ತಾ? ಮನುಷ್ಯನ ಮೈಯಲ್ಲಿ ಮೂರರಲ್ಲಿ ಎರಡು ಪಾಲು ನೀರು. ಆ ನೀರನ್ನ ಅದರದರ ಜಾಗದಲ್ಲಿ ಹಿಡಿದಿಡೋದು ಉಪ್ಪು. ಉಪ್ಪು ಹೋಗಿ ನೀರೊಂದೇ ತುಂಬಿದರೆ ರಕ್ತ ತೆಳ್ಳಗಾಗುತ್ತೆ. ನೀರು ನಿಲ್ಲಬಾರದ ಕಡೆ ನುಗ್ಗುತ್ತೆ. ಮೊದಲು ಸ್ನಾಯು ಸೆಟೆಯುತ್ತೆ, ಆಮೇಲೆ ಮಿದುಳು ಊದುತ್ತೆ. ಇವನಿಗೆ ಅದೇ ಆಗ್ತಿದೆ. ಔಷಧ ನನ್ನ ಕೈಯಲ್ಲೇ ಇದೆ, ಹಾಕೋಕೆ ನಿಮ್ಮ ಅಪ್ಪಣೆ ಬೇಕಂತೆ!”

ತಾಯಿಯವರು ಗಡಿಗೆಯನ್ನು ಕೆಳಗಿಟ್ಟರು.

“ಬೆವರಿನ್ಯಾಗ ಉಪ್ಪು ಹೋಗ್ತದೇನು?”

“ಹೋಗುತ್ತೆ.”

“ಬಗ್ಗಿ ನೀರು ಕುಡೀವಾಗ ಇವರ ಬೆನ್ನು ಕಾಣತದ. ಅಂಗಿ ಮ್ಯಾಲ ಬಿಳಿ ಗೆರಿ ಇರತಿದ್ವು. ಒಣಗಿದ ಉಪ್ಪು. ಹತ್ತು ದಿನದಿಂದ ಆ ಗೆರಿ ಕಾಣವಲ್ದು. ಯಾಕಂತ ನಂಗ ತಿಳೀಲಿಲ್ಲ.”

ದೇಹದಲ್ಲಿ ಉಪ್ಪು ಮುಗಿಯುತ್ತ ಬಂದಂತೆ ಬೆವರಿನಲ್ಲೂ ಅದು ಕಡಿಮೆಯಾಗುತ್ತದೆ ಎಂದು ಡಾಕ್ಟರು ಓದಿದ್ದರು. ಆದರೆ ಎಂಟು ತಿಂಗಳಲ್ಲಿ ಒಂದು ಅಂಗಿಯ ಬೆನ್ನನ್ನೂ ಅವರು ನೋಡಿರಲಿಲ್ಲ.

“ನಾ ಸುರಿದ ನೀರ ಇವಗ ಮುಳುವಾತೇನು?” ಎಂದು ಕೇಳಿದರು ತಾಯಿಯವರು.

“ಉಪ್ಪಿಲ್ಲದ ನೀರು,” ಎಂದರು ಡಾಕ್ಟರು. ಅದಕ್ಕಿಂತ ಹೆಚ್ಚು ಹೇಳಬಹುದಿತ್ತು. ಹೇಳಲಿಲ್ಲ.

ತಾಯಿಯವರು ಯಾರೋ ಭಕ್ತರು ಬೆಳಿಗ್ಗೆ ತಂದಿಟ್ಟಿದ್ದ ಮಜ್ಜಿಗೆಯ ಚರಿಗೆಯನ್ನು ಎಳೆದುಕೊಂಡರು. “ಮಾಸ್ತರ, ನಿಮ್ಮ ಬುತ್ತ್ಯಾಗ ಉಪ್ಪು ಅದ ಏನು?”

ಗುರುಪಾದಪ್ಪನವರು ಗಂಟು ಬಿಚ್ಚಿದರು. ಉಪ್ಪಿನ ಪೊಟ್ಟಣವಿತ್ತು. ಮಾವಿನ ಉಪ್ಪಿನಕಾಯಿಯೂ ಇತ್ತು.

“ನನ್ನ ವ್ರತ ಸೋಮವಾರಕ್ಕೊಮ್ಮೆ ಅಷ್ಟ ರೀ,” ಎಂದರು ಯಾರೂ ಕೇಳದಿದ್ದರೂ.

ತಾಯಿಯವರು ಉಪ್ಪನ್ನು ಮಜ್ಜಿಗೆಗೆ ಸುರಿದು ಕೈಯಿಂದ ಕಲಸಿದರು. ಎರಡು ಲೋಟಗಳಿಗೆ ಬಗ್ಗಿಸಿದರು. ಒಂದನ್ನು ಚಂದಮ್ಮನ ಕೈಗೆ ಕೊಟ್ಟರು. ಇನ್ನೊಂದನ್ನು ತಮ್ಮ ಬಾಯಿಯ ಬಳಿ ತಂದರು.

ಮಾಸ್ತರರು ಹಾರಿ ಎದ್ದರು. “ಯವ್ವಾ! ಇಪ್ಪತ್ತು ವರ್ಷದ ತಪ!”

“ತಪ ಅಲ್ಲ. ಪಥ್ಯ.”

ಬೇವಿನ ಮರದಡಿ ಅಷ್ಟು ಹೊತ್ತಿಗೆ ಮೂವತ್ತು ನಲವತ್ತು ಮಂದಿ ಸೇರಿದ್ದರು. ತಾಯಿಯವರು ಅವರೆಲ್ಲರಿಗೂ ಕೇಳುವಂತೆ ಹೇಳಿದರು. ಅವರು ಒಟ್ಟಿಗೆ ಅಷ್ಟು ಮಾತನಾಡಿದ್ದನ್ನು ಹಾಸಗಲ್ಲೂರು ಹಿಂದೆ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ.

“ಇಲ್ಲಿಗಿ ಬರೂಕಿಂತ ಮೊದಲು ನನ್ನ ಮೈಗಿ ಬಾವು ಬರತಿತ್ತು. ಸೊಲ್ಲಾಪುರದಾಗ ಡಾಕ್ಟರ್‌ಗ ತೋರಿಸಿದೆ. ಗುರ್ದಾ ಕೆಟ್ಟದ, ಉಪ್ಪು ತಿಂದ್ರ ನೀರು ಮೈಯಾಗ ನಿಲ್ತದ, ಬಿಡು ಅಂದ. ಬಿಟ್ಟೆ. ಅಷ್ಟ. ನೀವು ವ್ರತ ಅಂದ್ರಿ. ಕೇಳಲಿಕ್ಕ ಚಂದ ಇತ್ತು. ಸುಮ್ಮನಿದ್ದೆ. ತಪ್ಪು ನಂದು.”

ಹೇಳಿ, ಲೋಟವನ್ನು ಎತ್ತಿ ಪೂರ್ತಿ ಕುಡಿದರು. ಒಂದು ಹನಿ ಉಳಿಸಲಿಲ್ಲ. ಬಳಿಕ ದೇವಿಂದ್ರನ ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

“ಕುಡಿಯಪ್ಪಾ.”

“ವ್ರತ ಮುರದ್ರ... ಕೂಸು...”

“ವ್ರತನ ಇರಲಿಲ್ಲಪ್ಪಾ. ಇಲ್ಲದ್ದು ಮುರಿಯೂದಿಲ್ಲ.”

ಚಂದಮ್ಮ ಲೋಟ ಹಿಡಿದಳು. ಮೊದಲ ಎರಡು ಗುಟುಕು ಹೊರಗೆ ಬಂತು. ಮೂರನೆಯದು ಒಳಗೆ ನಿಂತಿತು. ನಾಲ್ಕನೆಯದರ ಹೊತ್ತಿಗೆ ಚಂದಮ್ಮ ತಾನೇ ಗಂಡನ ತೋಳನ್ನು ಎತ್ತಿ ಡಾಕ್ಟರ ಮುಂದೆ ಚಾಚಿದಳು. ಅರವಟ್ಟಿಗೆಯ ಗೂಟಕ್ಕೆ ಸಲೈನ್ ಬಾಟಲಿಯನ್ನು ನೇತುಹಾಕಲಾಯಿತು.

ಡಾಕ್ಟರು ಅಲ್ಲೇ ಒಂದು ಪರಸಿಯ ಮೇಲೆ ಕೂತು ಕಾದರು. ಬಿಸಿಲು ಇಳಿಯುವ ಹೊತ್ತಿಗೆ ದೇವಿಂದ್ರನ ಕಾಲು ಸಡಿಲವಾಯಿತು. ಎರಡನೆಯ ಬಾಟಲಿ ಅರ್ಧವಾದಾಗ ಅವನು ಕಣ್ಣು ಬಿಟ್ಟು, ಈವತ್ತಿನ ಪಾಳಿ ತಪ್ಪಿತಲ್ಲ ಎಂದು ಗೊಣಗಿದ. ಚಂದಮ್ಮ ಅಳುತ್ತಲೇ ಅವನನ್ನು ಬೈದಳು. ಅಪಾಯ ಕಳೆದಿತ್ತು.

ಆಗ ಡಾಕ್ಟರ ದೃಷ್ಟಿ ತಾಯಿಯವರ ಪಾದಗಳ ಮೇಲೆ ಬಿತ್ತು. ಎದ್ದು ಹೋಗಿ, ಮೊಣಕಾಲೂರಿ, ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿದರು. ಕುಳಿ ಬಿತ್ತು. ಬಹಳ ಹೊತ್ತು ತುಂಬಲಿಲ್ಲ. ದೂರದಿಂದ ಕಂಡ ಗುರುಪಾದಪ್ಪನವರು, ಡಾಕ್ಟರು ಪಾದ ಮುಟ್ಟಿದರು ಎಂದು ಆಮೇಲೆ ಎಲ್ಲರಿಗೂ ಹೇಳಿದರು. ಅದು ತಪಾಸಣೆ.

“ಇದು ಹಳೆಯ ಊತ,” ಎಂದರು ಡಾಕ್ಟರು ಮೆಲ್ಲಗೆ. “ನಿಮ್ಮ ಮೂತ್ರಪಿಂಡ ಈಗಲೂ ಸರಿಯಿಲ್ಲ. ಅಷ್ಟು ಉಪ್ಪು ಕುಡಿದರೆ ಏನಾಗುತ್ತೆ ಅಂತ ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ಒಂದು ಗುಟುಕು ಸಾಕಿತ್ತಲ್ಲ ತಾಯಿ?”

ಆ ಕೊನೆಯ ಪದ ತಮ್ಮ ಬಾಯಿಂದ ಬಂದದ್ದು ಡಾಕ್ಟರ ಗಮನಕ್ಕೆ ಬರಲಿಲ್ಲ.

“ಒಂದು ಗುಟುಕು ಕುಡದ್ರ ಪ್ರಸಾದ ಅಂತಾರ,” ಎಂದರು ತಾಯಿಯವರು. “ಲೋಟ ಕುಡದ್ರ ಊಟ ಅಂತಾರ.”

ಗಣಿಯ ಪಾಳಿ ಮುಗಿದು ಕೆಲಸಗಾರರು ಮೇಲೆ ಬರತೊಡಗಿದರು. ಸಪ್ಪನ ವ್ರತದ ಉಳಿದ ಹದಿನೇಳು ಮಂದಿಯೂ ಇದ್ದರು. ಕೆಲವರು ಆಗಲೇ ಕಾಲು ಎಳೆಯುತ್ತಿದ್ದರು. ತಾಯಿಯವರು ಡಾಕ್ಟರ ಕಡೆ ನೋಡಿದರು.

“ಇವರಿಗಿ ನೀವ ಹೇಳ್ರಿ. ನನ್ನ ಹೆಸರಲೆ ಒಮ್ಮಿ ಕೆಟ್ಟಾರ.”

ಡಾಕ್ಟರು ಎದ್ದು ನಿಂತರು. ಮೂಢನಂಬಿಕೆಯ ಮೇಲೆ ಒಂದು ಭಾಷಣ ಅವರ ಬಳಿ ಎಂಟು ತಿಂಗಳಿಂದ ಸಿದ್ಧವಾಗಿತ್ತು. ಕೇಳಲು ಜನರೂ ಸೇರಿದ್ದರು. ತಪ್ಪು ಮಾಡಿದವರು ಎದುರಿಗೇ ಕೂತಿದ್ದರು, ಒಪ್ಪಿಕೊಂಡೂ ಆಗಿತ್ತು. ಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲಾರದು.

“ನೋಡಿ,” ಎಂದು ಶುರುಮಾಡಿದರು. ನಿಲ್ಲಿಸಿದರು. ಊದಿದ ಪಾದಗಳ ಕಡೆ ಒಮ್ಮೆ ನೋಡಿದರು.

“ಉಪ್ಪು ಬಿಟ್ಟು ದೇವಿಂದ್ರ ಇಪ್ಪತ್ತೆರಡು ದಿನ ಹೇಗೋ ನಿಂತಿದ್ದ. ಕಾಲು ಹಿಡೀತಿದೆ ಅಂತ ನನ್ನ ಹತ್ತಿರ ಬಂದ. ಗಡಿಗೆಗಟ್ಟಲೆ ನೀರು ಕುಡಿ ಅಂತ ಕಳಿಸಿದೆ. ಏನು ಉಣ್ತೀಯ ಅಂತ ಕೇಳಲಿಲ್ಲ. ನಾಲ್ಕು ದಿನದಲ್ಲಿ ಬಿದ್ದ. ತಾಯಿಯವರು ತಮ್ಮ ತಪ್ಪು ಅಂದರು. ಅರ್ಧ ಅವರದು. ಅರ್ಧ ನನ್ನದು.”

ದೇವಿಂದ್ರನನ್ನು ಹೊತ್ತು ತಂದವರಲ್ಲಿ ಹಿರಿಯನೊಬ್ಬ ಅಂದ: “ಗೊತ್ತದ ಬಿಡ್ರಿ ಸಾಹೇಬ್ರ. ಬೋರ್ಡಿನ್ಯಾಗ ಗಡಿಗಿ ಚಿತ್ರ ಬರಸೀರಲ್ಲ.”

ಎಲ್ಲರೂ ನಕ್ಕರು. ಡಾಕ್ಟರೂ ನಗಬೇಕಾಯಿತು. ಆಮೇಲೆ ಅವರು ಅರವಟ್ಟಿಗೆಯ ಮುಂದೆ ಹೋಗಿ, ಉಳಿದವರ ಹಾಗೆಯೇ ಬಗ್ಗಿ ಬೊಗಸೆ ಒಡ್ಡಿದರು. ತಾಯಿಯವರು ಮಾಸ್ತರರ ಪೊಟ್ಟಣದಿಂದ ಒಂದು ಚಿಟಿಕೆ ಉಪ್ಪು ತೆಗೆದು ಬೊಗಸೆಗೆ ಹಾಕಿ, ಅದರ ಮೇಲೆ ನೀರು ಸುರಿದರು. ಹದಿನೇಳು ಮಂದಿ ಒಬ್ಬೊಬ್ಬರಾಗಿ ಡಾಕ್ಟರ ಹಿಂದೆ ಸಾಲು ನಿಂತರು.

ತಾಯಿಯವರಿಗೆ ಮರುದಿನ ಮುಖ ಊದಿತು. ಮೂರು ದಿನ ಉಸಿರಾಡುವುದೇ ಕಷ್ಟವಾಯಿತು. ಡಾಕ್ಟರು ದಿನಕ್ಕೆರಡು ಸಲ ಬಂದು ಔಷಧ ಕೊಟ್ಟರು, ನೀರನ್ನೂ ಅಳೆದು ಕೊಟ್ಟರು. ಒಂದೇ ಅರವಟ್ಟಿಗೆಯಲ್ಲಿ ಒಬ್ಬರಿಗೆ ಉಪ್ಪು ಕೂಡದು, ಇನ್ನೊಬ್ಬರಿಗೆ ಇಲ್ಲದೆ ಆಗದು ಎಂಬುದನ್ನು ಆ ಮೂರು ದಿನ ಊರೇ ಕಣ್ಣಾರೆ ಕಂಡಿತು. ನಾಲ್ಕನೆಯ ದಿನ ತಾಯಿಯವರು ಎದ್ದು ಬಾವಿಗೆ ಹೋದರು. ಆ ಬಳಿಕ ಹನ್ನೊಂದು ವರ್ಷ ಸಪ್ಪೆಯನ್ನೇ ಉಂಡರು. ಯಾರಾದರೂ ಕೈ ಮುಗಿದರೆ “ಪಥ್ಯ” ಎನ್ನುತ್ತಿದ್ದರು.

ಚಂದಮ್ಮನಿಗೆ ಹೆಣ್ಣುಕೂಸು ಹುಟ್ಟಿತು, ಉಳಿಯಿತು. ಅದಕ್ಕೂ ಉಪ್ಪಿಗೂ ಸಂಬಂಧವಿಲ್ಲ. ಗುರುಪಾದಪ್ಪನವರು ಸಂಬಂಧವಿದೆ ಎಂದು ಬರೆಯಹೊರಟಿದ್ದರು. ತಾಯಿಯವರು ಕಾಗದ ಇಸಿದುಕೊಂಡು ಒಲೆಗೆ ಹಾಕಿದರು.

ಡಾಕ್ಟರ್ ಸುಂದರೇಶರು ಎರಡು ವರ್ಷದಲ್ಲಿ ಊರು ಬಿಡುವವರಿದ್ದರು. ಬಿಡಲಿಲ್ಲ. ನಿವೃತ್ತರಾಗುವವರೆಗೆ ಹಾಸಗಲ್ಲೂರಿನಲ್ಲೇ ಇದ್ದರು. ದೇವರನ್ನು ನಂಬಿದರೋ ಇಲ್ಲವೋ ಅವರು ಹೇಳಲಿಲ್ಲ, ತಾಯಿಯವರೂ ಕೇಳಲಿಲ್ಲ. ಆದರೆ ಅವರ ದವಾಖಾನೆಯಲ್ಲಿ ನಾಡಿ ಹಿಡಿಯುವ ಮೊದಲು ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ: “ಈವತ್ತು ಏನು ಉಂಡೆ?” ಅದನ್ನು ಕೇಳುವಾಗ ತಾವೇ ಎದ್ದು ಹೋಗಿ, ಬಂದವನ ಅಂಗಿಯ ಬೆನ್ನನ್ನೂ ಒಮ್ಮೆ ನೋಡುತ್ತಿದ್ದರು.

ಬೋರ್ಡನ್ನು ಅವರು ಹೊಸದಾಗಿ ಬರೆಸಿದರು. ಈಗ ಅದರಲ್ಲಿ ಒಂದು ದೊಡ್ಡ ಗಡಿಗೆ, ಪಕ್ಕದಲ್ಲಿ ಉಪ್ಪಿನ ಒಂದು ಸಣ್ಣ ಕುಡಿಕೆ. ಅವರ ಜಾಗಕ್ಕೆ ಬಂದ ಹೊಸ ಡಾಕ್ಟರು, ಇದೇನು ಸಾರ್ ಚಿತ್ರ ಎಂದು ಕೇಳಿದರಂತೆ.

“ದೊಡ್ಡದು ನನ್ನ ತಪ್ಪು,” ಎಂದರು ಸುಂದರೇಶರು. “ಸಣ್ಣದು ತಾಯಿಯವರದು. ಎರಡೂ ಸೇರಿದರೆ ಮನುಷ್ಯ ಬದುಕುತ್ತಾನೆ.”